ಬೀರುವಿನೊಳಗಿನ ಬೂಷ್ಟು

ತುಮಕೂರು ಮಲೆನಾಡಲ್ಲ. ಆದರೂ ಸೆಪ್ಟೆಂಬರ್–ಅಕ್ಟೋಬರ್ ಮಳೆಯ ಹೊತ್ತಿಗೆ ಮರಳೂರಿನಂಥ ಬಡಾವಣೆಗಳಲ್ಲೂ ಗೋಡೆ ಬೀರುಗಳಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಚುಕ್ಕೆ, ಚರ್ಮದ ಬೆಲ್ಟಿನ ಮೇಲೆ ಹಸಿರು ಪುಡಿ ಕಾಣಿಸಿಕೊಳ್ಳುತ್ತವೆ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವು ಬೆಳೆಯಲು ಬೇಕಾದದ್ದು ತೇವ. ಒಳಗಿನ ಆರ್ದ್ರತೆ ಶೇ. 60ರ ಕೆಳಗಿದ್ದರೆ ಅವು ಬಹುತೇಕ ಸುಮ್ಮನಿರುತ್ತವೆ. ತೊಂದರೆ ಶುರುವಾಗುವುದು ತಣ್ಣನೆಯ ಗೋಡೆಯಲ್ಲಿ. 25 ಡಿಗ್ರಿಯಲ್ಲಿ ಶೇ. 70 ಆರ್ದ್ರತೆಯಿರುವ ಕೋಣೆಯ ಗಾಳಿ 20 ಡಿಗ್ರಿಯ ಗೋಡೆಯ ಬಳಿ ಹೋದರೆ ಅಲ್ಲಿನ ಆರ್ದ್ರತೆ ಸುಮಾರು ಶೇ. 95ಕ್ಕೇರುತ್ತದೆ. ಹೊರಗೋಡೆಗೋ ಬಚ್ಚಲಮನೆಯ ಗೋಡೆಗೋ ಅಂಟಿದ ಬೀರುಗಳಲ್ಲಿ ಹಿಂಬದಿಯ ಬಟ್ಟೆಯೇ ಮೊದಲು ಕೆಡುವುದು ಇದಕ್ಕೇ.

ಹಾಗಾಗಿ ಬಟ್ಟೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು. ಬಿಸಿಲಿದ್ದ ದಿನ ಬಾಗಿಲು ತೆರೆದಿಡಬೇಕು. ಮಳೆ ಸುರಿಯುವಾಗ ತೆರೆದರೆ ತೇವವೇ ಒಳಗೆ ಬರುತ್ತದೆ. ಅರೆ ಒಣಗಿದ ಬಟ್ಟೆ ಮಡಚಿಡುವುದಂತೂ ಬೂಷ್ಟಿಗೆ ಕರೆದು ಊಟ ಹಾಕಿದಂತೆ. ರೇಷ್ಮೆಗೆ ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ಹತ್ತಿ ಪಂಚೆ ಸಾಕು. ಸಿಲಿಕಾ ಜೆಲ್ ಪೊಟ್ಟಣ ಸಣ್ಣ ಡ್ರಾಯರಿಗೆ ಆಗುತ್ತದೆ, ದೊಡ್ಡ ಬೀರುವಿಗೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಮೇಲು. ಅದರಲ್ಲಿ ತುಂಬಿದ ನೀರು ಬಟ್ಟೆಗೆ ಚೆಲ್ಲಬಾರದು. ನುಸಿಗುಳಿಗೆ ಹುಳುಗಳಿಗಷ್ಟೇ, ತೇವವನ್ನು ಅದು ಹೀರುವುದಿಲ್ಲ.

ಬೂಷ್ಟು ಬಂದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀರುವಿನ ಒಳಗನ್ನು ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಗೋಡೆಯ ಬಿರುಕನ್ನೋ ಸೋರುವ ಪೈಪನ್ನೋ ರಿಪೇರಿ ಮಾಡಿಸಬೇಕು.