ಅಭಿಪ್ರಾಯಗಳಿಗೂ ಒಂದು ಗಣಿತ

ಒಂದು ತರಗತಿಯಲ್ಲಿ ಚರ್ಚೆ ನಡೆಯುತ್ತಿದೆ ಎಂದುಕೊಳ್ಳಿ. ವಿಷಯ: ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಳಸಬಹುದೆ? ಮೊದಲಿಗೆ ಒಬ್ಬೊಬ್ಬರದು ಒಂದೊಂದು ಮಾತು. ಮಾತು ಬೆಳೆದಂತೆ ಕೆಲವು ಸಲ ಎಲ್ಲರೂ ಒಮ್ಮತಕ್ಕೆ ಬರುತ್ತಾರೆ. ಕೆಲವು ಸಲ ತರಗತಿ ಎರಡು ಬಣಗಳಾಗಿ ಒಡೆಯುತ್ತದೆ. ಹೀಗೇಕೆ? ಇದಕ್ಕೆ ಗಣಿತದಲ್ಲಿ ಉತ್ತರವುಂಟೆ?

ಉತ್ತರ ಹುಡುಕಲು ಮೊದಲು ಅಭಿಪ್ರಾಯವನ್ನು ಸಂಖ್ಯೆಯಾಗಿ ಬರೆಯಬೇಕು. ‘ಸುತರಾಂ ಕೂಡದು’ ಎನ್ನುವವರಿಗೆ 0, ‘ಬೇಕೇ ಬೇಕು’ ಎನ್ನುವವರಿಗೆ 100. ಉಳಿದವರು ಇವೆರಡರ ನಡುವೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ 1974ರಲ್ಲಿ ಒಂದು ಸರಳ ಮಾದರಿಯನ್ನು ಮಂಡಿಸಿದರು. ಪ್ರತಿ ಸುತ್ತಿನಲ್ಲೂ ಪ್ರತಿಯೊಬ್ಬರು ತಮ್ಮ ಮತ್ತು ಇತರರ ಅಭಿಪ್ರಾಯಗಳಿಗೆ ಇಷ್ಟಿಷ್ಟು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಅದೇ ಅವರ ಹೊಸ ಅಭಿಪ್ರಾಯ. ಮೂವರ ಅಭಿಪ್ರಾಯಗಳು 20, 50, 80 ಆಗಿರಲಿ. ಪ್ರತಿಯೊಬ್ಬರೂ ತಮ್ಮ ಮಾತಿಗೆ ಅರ್ಧ, ಉಳಿದಿಬ್ಬರ ಮಾತಿಗೆ ಕಾಲು ಕಾಲು ತೂಕ ಕೊಡಲಿ. ಒಂದು ಸುತ್ತಿನಲ್ಲೇ ಅವು 42.5, 50, 57.5 ಆಗುತ್ತವೆ. ಅಂತರ 60ರಿಂದ 15ಕ್ಕೆ ಇಳಿಯಿತು. ಮುಂದಿನ ಸುತ್ತಿನಲ್ಲಿ 3.75. ಮೂವರೂ 50ರತ್ತ ಸಾಗುತ್ತಾರೆ.

ಆದರೆ ನಿಜ ಜೀವನದಲ್ಲಿ ಬಣಗಳು ಉಳಿಯುತ್ತವಲ್ಲ! ಸರಾಸರಿಯ ಮಾದರಿಗಳು ಒಮ್ಮತದತ್ತಲೇ ಸಾಗುವುದಾದರೆ ಒಡಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿ ರಾಬರ್ಟ್ ಏಬಲ್‌ಸನ್ 1964ರಲ್ಲೇ ಎತ್ತಿದ್ದರು. ಜರ್ಮನಿಯ ರೈನರ್ ಹೆಗ್ಸೆಲ್‌ಮನ್ ಮತ್ತು ಉಲ್ರಿಖ್ ಕ್ರೌಸ 2002ರಲ್ಲಿ ವಿವರವಾಗಿ ಪರಿಶೀಲಿಸಿದ ಮಾದರಿಯಲ್ಲಿ ಅದಕ್ಕೊಂದು ಉತ್ತರವಿದೆ. ತನ್ನ ಅಭಿಪ್ರಾಯಕ್ಕೆ ಸಾಕಷ್ಟು ಹತ್ತಿರವಿರುವವರ ಮಾತನ್ನು ಮಾತ್ರ ಮನುಷ್ಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ ಎಂಬುದೇ ಅದರ ತಿರುಳು. ಈ ‘ಹತ್ತಿರ’ಕ್ಕೊಂದು ಮಿತಿಯುಂಟು. ಅದನ್ನು ನಾವು ಕಿವಿಗೊಡುವ ಮಿತಿ ಎನ್ನೋಣ.

ಈಗ ಪೆನ್ಸಿಲು, ಕಾಗದ ತೆಗೆದುಕೊಳ್ಳಿ. ಆರು ಮಂದಿ: 10, 20, 30, 60, 70, 80. ಮಿತಿ 15. ಅಂದರೆ 15 ಅಥವಾ ಅದಕ್ಕಿಂತ ಕಡಿಮೆ ಅಂತರದವರು (ತಾವೂ ಸೇರಿ) ಮಾತ್ರ ಸರಾಸರಿಗೆ ಸೇರುತ್ತಾರೆ. ಮೊದಲ ಸುತ್ತಿನ ನಂತರ 15, 20, 25 ಮತ್ತು 65, 70, 75. ಎರಡನೆಯ ಸುತ್ತಿಗೆ ಮೂವರು 20ರಲ್ಲಿ, ಮೂವರು 70ರಲ್ಲಿ. ಅಲ್ಲಿಗೆ ಚರ್ಚೆ ಸ್ತಬ್ಧ. ಗಮನಿಸಿ, ಇಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಯಾರೂ ಹಟ ಹಿಡಿದಿಲ್ಲ. ಆದರೂ ಗುಂಪು ಒಡೆಯಿತು.

ಮಿತಿಯನ್ನು 30ಕ್ಕೆ ಏರಿಸಿದರೆ? ಈಗ 30ರವರಿಗೂ 60ರವರಿಗೂ ಪರಸ್ಪರರ ಮಾತು ಕೇಳಿಸುತ್ತದೆ. ಅವರ ಮೂಲಕ ಎರಡೂ ಕಡೆಯವರು ನಿಧಾನವಾಗಿ ಹತ್ತಿರವಾಗಿ, ಐದನೆಯ ಸುತ್ತಿಗೆ ಆರು ಮಂದಿಯೂ 45ರಲ್ಲಿ ಸೇರುತ್ತಾರೆ.

ಹಾಗಾದರೆ ಮಿತಿಯನ್ನು 15ರಲ್ಲೇ ಇಟ್ಟು, ನಡುವೆ 45ರಲ್ಲಿ ಏಳನೆಯವನೊಬ್ಬನನ್ನು ಮಧ್ಯಸ್ಥನಾಗಿ ನಿಲ್ಲಿಸಿದರೆ ಸಾಲದೆ? ಲೆಕ್ಕ ಮಾಡಿ ನೋಡಿ. ಮೊದಲ ಮೂರು ಸುತ್ತುಗಳಲ್ಲಿ 30ರವನೂ 60ರವನೂ ಅವನ ಮಾತಿಗೆ ಕಿವಿಗೊಡುತ್ತಾರೆ. ಅಷ್ಟರಲ್ಲಿ ತಮ್ಮ ತಮ್ಮ ಬಳಗದ ಸೆಳೆತ ಅವರನ್ನು ದೂರ ಒಯ್ಯುತ್ತದೆ. ನಾಲ್ಕನೆಯ ಸುತ್ತಿಗೆ ಒಂದು ಬಣ ಸುಮಾರು 26ರಲ್ಲಿ, ಇನ್ನೊಂದು 64ರಲ್ಲಿ. ಮಧ್ಯಸ್ಥ 45ರಲ್ಲಿ ಒಂಟಿ! ಸಂಧಾನಕ್ಕೆ ಮಧ್ಯಸ್ಥನೊಬ್ಬ ಇದ್ದರಷ್ಟೇ ಸಾಲದು, ಎರಡೂ ಕಡೆಯವರ ಕಿವಿ ಅಗಲವಾಗಬೇಕು ಎಂಬುದನ್ನು ಈ ಪುಟ್ಟ ಲೆಕ್ಕ ತೋರಿಸುತ್ತದೆ.

ಎಚ್ಚರಿಕೆಯ ಎರಡು ಮಾತು. ಮನುಷ್ಯನ ಅಭಿಪ್ರಾಯ ಒಂದೇ ಸಂಖ್ಯೆಯಲ್ಲಿ ಅಡಗುವಂಥದಲ್ಲ. ಮಾದರಿ ಎಂಬುದು ಭೂಪಟವಿದ್ದಂತೆ, ಅದೇ ಊರಲ್ಲ. ಎರಡನೆಯದಾಗಿ, ಒಮ್ಮತವೇ ಸತ್ಯವಲ್ಲ. ಎಲ್ಲರೂ ಸೇರಿ ತಪ್ಪು ಸಂಖ್ಯೆಯಲ್ಲೂ ನಿಲ್ಲಬಹುದು. ಡಿಗ್ರೂಟ್ ಮಾದರಿಯಲ್ಲಿ ಒಬ್ಬನಿಗೇ ಹೆಚ್ಚು ತೂಕ ಕೊಟ್ಟರೆ ಒಮ್ಮತ ಅವನತ್ತ ವಾಲುತ್ತದೆ, ಅವನು ಹೇಳುವುದು ಸರಿಯಿರಲಿ, ಬಿಡಲಿ.

ಮಿತಿಯನ್ನು 20, 25 ಎಂದು ಬದಲಿಸಿ ನೀವೇ ಲೆಕ್ಕ ಹಾಕಿ ನೋಡಿ. ಮುಂದಿನ ಸಲ ನಿಮ್ಮ ಗೆಳೆಯರ ಗುಂಪಿನಲ್ಲಿ ವಾದ ಬಿಸಿಯೇರಿದಾಗ, ನಿಮ್ಮ ಸ್ವಂತ ಮಿತಿ ಎಷ್ಟೆಂದು ಒಮ್ಮೆ ಕೇಳಿಕೊಳ್ಳಿ.