ಮುದಿಬಂಡಿಗೆ ತಿದಿಯ ಗಾಳಿ

ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ವಾಸವಾಗಿರುವ ನಮಗೆ ಸದ್ದೆಂಬುದು ಹೊಸದಲ್ಲ. ಮಗ್ಗಗಳ ಟಕಟಕ ಶಬ್ದದ ನಡುವೆಯೇ ಹುಡುಗರಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡು ವೃತ್ತಿಯನ್ನು ಮುಗಿಸಿದವರು ನಾವು. ಆದರೆ ಭಾನುವಾರದ ಬೆಳಗಿನ ಜಾವ ನಂದಿಬೆಟ್ಟದ ಕಡೆಗೆ ಹೊರಡುವ ಮೋಟಾರ್ ಸೈಕಲ್ಲುಗಳ ಆರ್ಭಟವು ಮಗ್ಗದ ಸದ್ದನ್ನೂ ಮೀರಿಸುವುದುಂಟು. ಅಂತಹ ಒಂದು ಬೆಳಗ್ಗೆ ನಮ್ಮ ಸೋದರಳಿಯನು ಕಾಫಿಯ ಲೋಟವನ್ನು ಕೆಳಗಿಟ್ಟು, "ಮಾವ, ನಿಮ್ಮ ಯೆಜ್ಡಿಯನ್ನು ನನಗೆ ಕೊಡಿ. ಸೂಪರ್‌ಚಾರ್ಜರ್ ಕೂರಿಸಿ, ಫ್ಯುಯೆಲ್ ಇಂಜೆಕ್ಷನ್ ಹಾಕಿಸಿ, ಇವರನ್ನೆಲ್ಲ ಹಿಂದೆ ಹಾಕುತ್ತೇನೆ" ಎಂದನು. ಹುಡುಗನು ಎಂಜಿನಿಯರಿಂಗ್ ಓದುತ್ತಿರುವವನು, ಮಾತಿಗಾಗಿ ಮಾತನಾಡುವವನಲ್ಲ.

ಆ ಬಂಡಿಯ ಪೂರ್ವೋತ್ತರವನ್ನು ವಾಚಕರಿಗೆ ಅರಿಕೆ ಮಾಡಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೋಟಾರ್ ಸೈಕಲ್ಲುಗಳನ್ನು ಮಾಡತೊಡಗಿ, ಮೊದಲು ಜಾವಾ ಎಂದೂ ತರುವಾಯ ಯೆಜ್ಡಿ ಎಂದೂ ಹೆಸರಿಟ್ಟು ಮಾರಿ, 1996ರಲ್ಲಿ ಬಾಗಿಲು ಮುಚ್ಚಿತು. ಗೇರು ಹಾಕುವ ಕಡ್ಡಿಯನ್ನೇ ಮೇಲೆತ್ತಿ ಕಿಕ್ ಹೊಡೆಯುವ ಆ ಬಂಡಿಯ ಚಮತ್ಕಾರವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ನಮ್ಮದು 1982ರ ರೋಡ್‌ಕಿಂಗ್, 250 ಸಿ.ಸಿ.ಯ ಎಂಜಿನ್, ಸುಮಾರು 16 ಅಶ್ವಶಕ್ತಿ. ಮತ್ತೊಬ್ಬರು ಬಳಸಿದುದನ್ನು 1990ರಲ್ಲಿ ಸಾಲಮಾಡಿ ಕೊಂಡೆವು. ನಮ್ಮ ಮಗಳು ಹುಟ್ಟಿದ ರಾತ್ರಿ ಸೂಲಗಿತ್ತಿಯನ್ನು ಕರೆತಂದದ್ದು ಅದೇ ಬಂಡಿಯ ಮೇಲೆ.

ಹುಡುಗನ ವಾದವನ್ನು ಮೊದಲು ಹೇಳುವುದು ನ್ಯಾಯ. ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವು ಕಡಲತೀರದಲ್ಲಿರುವುದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಮೆ. 1,478 ಮೀಟರ್ ಎತ್ತರದ ನಂದಿಯ ನೆತ್ತಿಯಲ್ಲಿ ನೂರಕ್ಕೆ ಹದಿನಾರರಷ್ಟು ಕಡಮೆ. ಗಾಳಿ ತೆಳುವಾದಷ್ಟೂ ಎಂಜಿನ್ನಿಗೆ ಉಸಿರು ಸಾಲದು. ಕಾರ್ಬುರೇಟರಿಗಾದರೋ ಈ ವ್ಯತ್ಯಾಸವು ತಿಳಿಯದು; ಗಾಳಿ ತೆಳುವಾದರೂ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸದು. ಆದುದರಿಂದಲೇ ಬೆಟ್ಟದ ಮೇಲೆ ಹಳೆಯ ಬಂಡಿಗಳು ಕರಿಹೊಗೆ ಕಾರುತ್ತ ಏದುಸಿರು ಬಿಡುವುದು. ಫ್ಯುಯೆಲ್ ಇಂಜೆಕ್ಷನ್ನು ಗಾಳಿಯನ್ನು ಅಳೆದು, ಬೇಕಾದಷ್ಟೇ ಇಂಧನವನ್ನು ಸೂಜಿಯಂತಹ ರಂಧ್ರದಿಂದ ಚಿಮ್ಮಿಸುತ್ತದೆ. ಸೂಪರ್‌ಚಾರ್ಜರೆಂದರೆ ಕಮ್ಮಾರನ ತಿದಿಯ ಜಾತಿಯದು. ಎಂಜಿನ್ನಿನ ಬಲದಿಂದಲೇ ತಾನು ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ.

ಇವೆರಡೂ ಕಟ್ಟುಕಥೆಗಳಲ್ಲ. ಡೀಸೆಲ್ ಎಂಜಿನ್ನುಗಳ ಇಂಜೆಕ್ಷನ್ ಪಂಪುಗಳನ್ನು 1950ರ ದಶಕದಿಂದಲೇ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಸೂಪರ್‌ಚಾರ್ಜರಿನ ಕೀರ್ತಿಯಂತೂ ಪಂದ್ಯಗಳದು. ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯದಲ್ಲಿ 1939ರಲ್ಲಿ ಜರ್ಮನಿಯ ಗೇಯೋರ್ಗ್ ಮೈಯರ್ ಎಂಬವನು ಇಂತಹ ತಿದಿಯುಳ್ಳ ಬಿ.ಎಂ.ಡಬ್ಲ್ಯು. ಬಂಡಿಯಿಂದ ಗೆದ್ದನು. 1946ರಲ್ಲಿ ಪಂದ್ಯಗಳ ಆಡಳಿತ ಮಂಡಲಿಯು ತಿದಿಯನ್ನೇ ನಿಷೇಧಿಸಿತು. ಬಹುಕಾಲದ ಮೇಲೆ, 2015ರಲ್ಲಿ, ಜಪಾನಿನ ಕವಾಸಾಕಿ ಕಂಪೆನಿಯು ಸೂಪರ್‌ಚಾರ್ಜರುಳ್ಳ ಬಂಡಿಯನ್ನು ಪೇಟೆಗೆ ತಂದಿತು.

"ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗದು?" ಎಂಬುದು ಹುಡುಗನ ಪ್ರಶ್ನೆ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಅವನನ್ನು ಕರೆದುಕೊಂಡು ನಮ್ಮ ಹಳೆಯ ಶಿಷ್ಯನಾದ ಮೆಕ್ಯಾನಿಕ್ಕನ ಬಳಿಗೆ ಹೋದೆವು. ಏಳನೆಯ ತರಗತಿಯಲ್ಲಿ ವಿಭಕ್ತಿ ಬಾರದೆ ನಮ್ಮಿಂದ ಪೆಟ್ಟು ತಿಂದವನು. ಇಂದು ಅವನು ಗುರು, ನಾವು ವಿದ್ಯಾರ್ಥಿ.

"ಮೇಷ್ಟ್ರೇ, ಇದು ಟೂ ಸ್ಟ್ರೋಕ್ ಗಾಡಿ" ಎಂದು ಆತನು ತೆರೆದ ಸಿಲಿಂಡರೊಂದನ್ನು ಕೈಗೆ ಕೊಟ್ಟನು. "ಗಾಳಿ ಒಳಗೆ ಬರೋ ಕಿಂಡಿ ಇದು, ಹೊಗೆ ಹೋಗೋ ಕಿಂಡಿ ಇದು. ಹೊಗೆ ಕಿಂಡಿ ಮೊದಲು ತೆಗೆಯುತ್ತೆ, ಕಡೆಗೆ ಮುಚ್ಚುತ್ತೆ. ನೀವು ಎಷ್ಟು ಊದಿದರೂ ಆ ಬಾಗಿಲಿಂದ ಆಚೆಗೆ ಹೋಗುತ್ತೆ."

ನಮಗೆ ಆ ಮಾತು ಥಟ್ಟನೆ ಹೊಳೆಯಿತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರಾಣಾಪಾನಗಳಿಗೆ ಬೇರೆ ಬೇರೆ ಗಳಿಗೆಗಳುಂಟು; ಬಾಗಿಲುಗಳಿಗೆ ಕವಾಟಗಳುಂಟು. ಯೆಜ್ಡಿಯಲ್ಲಿ ಉಚ್ಛ್ವಾಸ ನಿಶ್ವಾಸಗಳೆರಡೂ ಒಂದೇ ಕ್ಷಣದಲ್ಲಿ ನಡೆಯತಕ್ಕವು. ಅಲ್ಲದೆ, ಪಿಸ್ಟನ್ನಿನ ಕೆಳಗಿರುವ ಪೆಟ್ಟಿಗೆಯೇ ಗಾಳಿಯನ್ನು ಸೆಳೆದು ಒತ್ತಿ ಮೇಲಕ್ಕೆ ಕಳುಹಿಸುವುದರಿಂದ, ಆ ಬಂಡಿಯ ಹೊಟ್ಟೆಯಲ್ಲಿ ಒಂದು ಪುಟ್ಟ ತಿದಿಯು ಹುಟ್ಟಿನಿಂದಲೇ ಇದೆ. ಹುಡುಗನು ಸೋಲಲಿಲ್ಲ. 1938ರಲ್ಲಿ ಅದೇ ದ್ವೀಪದಲ್ಲಿ ಎವಾಲ್ಡ್ ಕ್ಲೂಗೆ ಎಂಬವನು ಗಾಳಿ ಊದುವ ಟೂ ಸ್ಟ್ರೋಕ್ ಡಿ.ಕೆ.ಡಬ್ಲ್ಯು. ಬಂಡಿಯಿಂದ 250 ಸಿ.ಸಿ.ಯ ಪಂದ್ಯವನ್ನು ಗೆದ್ದುದನ್ನು ಎತ್ತಿದನು. ಅದು ನಿಜ. ಆದರೆ ಆ ಬಂಡಿಯಲ್ಲಿ ಒಂದೇ ಉರಿಗೂಡಿಗೆ ಎರಡು ಪಿಸ್ಟನ್ನುಗಳಿದ್ದು, ಹೊಗೆಯ ಕಿಂಡಿಯು ಮೊದಲೇ ಮುಚ್ಚಿಕೊಳ್ಳುವಂತೆ ಎಂಜಿನ್ನನ್ನೇ ಬೇರೆ ಪರಿಯಲ್ಲಿ ಕಟ್ಟಿದ್ದರು. ತಿದಿಯು ಮೇಲಿನಿಂದ ತಂದು ತಗುಲಿಸಿದ ವಸ್ತುವಾಗಿರಲಿಲ್ಲ.

ಇನ್ನು ಶಾಖದ ವಿಚಾರ. ಸೈಕಲ್ಲಿಗೆ ಗಾಳಿ ಹೊಡೆದವರು ಪಂಪಿನ ಬುಡವು ಬಿಸಿಯಾಗುವುದನ್ನು ಬಲ್ಲರು. ಗಾಳಿಯ ಒತ್ತಡವನ್ನು ಒಂದೂವರೆಪಾಲು ಮಾಡಿದರೆ, ಶುದ್ಧ ಗಣಿತದ ಪ್ರಕಾರವೇ ಅದರ ಶಾಖವು ಸುಮಾರು 37 ಡಿಗ್ರಿ ಏರುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಹೆಚ್ಚು. ಬರಿಯ ಗಾಳಿಯಿಂದ ತಣಿಯುವ ನಲವತ್ತು ವರ್ಷದ ಲೋಹವು ಈ ಸೆಕೆಯನ್ನು ತಾಳಲಾರದೆ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗುವುದುಂಟು. ಎಂಜಿನ್ನು ತಾಳಿತೆಂದೇ ಇಟ್ಟುಕೊಳ್ಳೋಣ, ಬ್ರೇಕು ತಾಳಬೇಕಷ್ಟೆ? ವೇಗವು 60ರಿಂದ 90 ಕಿಲೋಮೀಟರಿಗೆ ಏರಿದರೆ ನಿಲ್ಲುವುದಕ್ಕೆ ಬೇಕಾದ ದೂರವು ಒಂದೂವರೆಪಾಲಲ್ಲ, ಎರಡೂಕಾಲುಪಾಲು. ಡ್ರಮ್ಮಿನ ಬ್ರೇಕುಗಳಂತೂ ಹಳೆಯವೇ.

ಈ ಮಾತನ್ನು ನಾವು ಪುಸ್ತಕ ನೋಡಿ ಹೇಳುತ್ತಿಲ್ಲ. 1994ರ ಆಷಾಢದಲ್ಲಿ ನಂದಿಯಿಂದ ಇಳಿಯುತ್ತ, ನಾಲ್ಕಾಣೆಯ ಪೆಟ್ರೋಲು ಉಳಿಸುವ ಆಸೆಯಿಂದ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಬಂಡಿಯನ್ನು ಬಿಟ್ಟೆವು. ಟೂ ಸ್ಟ್ರೋಕ್ ಬಂಡಿಗೆ ಎಣ್ಣೆಯು ಪೆಟ್ರೋಲಿನೊಡನೆಯೇ ಬೆರೆತು ಬರುವುದೆಂಬುದನ್ನು ಬಲ್ಲೆವಾದರೂ, ಪೆಟ್ರೋಲು ನಿಂತರೆ ಎಣ್ಣೆಯೂ ನಿಲ್ಲುವುದೆಂಬುದು ತಲೆಗೆ ಹೊಳೆಯಲಿಲ್ಲ. ಮೂರನೆಯ ತಿರುವಿನಲ್ಲಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರವು ಬಿಗಿದು ನಿಂತಿತು. ನಮಗೆ ಮೊಣಕಾಲು ತರಚಿತು. ಹಿಂದೆ ಕುಳಿತಿದ್ದ ನಮ್ಮ ಮನೆಯವರ ಮುಂಗೈ ಮುರಿಯಿತು. ಚಳಿಗಾಲದಲ್ಲಿ ಆ ಕೈ ಇಂದಿಗೂ ಹಿಡಿಯುತ್ತದೆ. ತಪ್ಪು ಬಂಡಿಯದಲ್ಲ.

ಫ್ಯುಯೆಲ್ ಇಂಜೆಕ್ಷನ್ನಿನ ವಿಷಯದಲ್ಲಿ ಹುಡುಗನ ಪಕ್ಷವು ಬಲವಾದುದೆಂದು ಒಪ್ಪಲೇಬೇಕು. ಟೂ ಸ್ಟ್ರೋಕ್ ಬಂಡಿಯಲ್ಲಿ ಉರಿಯದ ಪೆಟ್ರೋಲಿನ ಒಂದು ಭಾಗವು ಹೊಗೆಯ ಕಿಂಡಿಯಿಂದಲೇ ಹೊರಟುಹೋಗುತ್ತದೆ. ಆ ಕಿಂಡಿ ಮುಚ್ಚುವ ಸಮಯವನ್ನು ನೋಡಿ ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಿದರೆ ಆ ನಷ್ಟವು ತಪ್ಪುತ್ತದೆ. ಫಿಲಿಪೀನ್ಸ್ ದೇಶದ ಬಾಡಿಗೆಯ ಮೂರುಚಕ್ರದ ಬಂಡಿಗಳಿಗೆ ಎನ್ವಿರೋಫಿಟ್ ಎಂಬ ಸಂಸ್ಥೆಯವರು 2000ರ ದಶಕದಲ್ಲಿ ಹೀಗೆಯೇ ಮಾಡಿ, ಬಡ ಚಾಲಕರ ಪೆಟ್ರೋಲಿನ ಖರ್ಚನ್ನೂ ಊರಿನ ಹೊಗೆಯನ್ನೂ ತಗ್ಗಿಸಿದರು. ಆದರೆ ಆಗ ಕೆಳಗಿನ ಪೆಟ್ಟಿಗೆಗೆ ಎಣ್ಣೆಯನ್ನು ಬೇರೆಯಾಗಿ ಊಡಿಸಬೇಕು. ಇಲ್ಲವಾದರೆ 1994ರ ಕಥೆಯೇ. ಪಂಪಿಗೂ ಗಣಕಕ್ಕೂ 12 ವೋಲ್ಟಿನ ವಿದ್ಯುತ್ತು ಬೇಕು. ನಮ್ಮ ಬಂಡಿಯದು ಆರು ವೋಲ್ಟು, ಅದರ ದೀಪವು ಎಣ್ಣೆಯ ಹಣತೆಗೆ ತಮ್ಮನಂತಿದೆ. 2022ರಲ್ಲಿ ಯೆಜ್ಡಿ ಎಂಬ ಹೆಸರು ಇಂಜೆಕ್ಷನ್ನಿನೊಡನೆ ಮತ್ತೆ ಪೇಟೆಗೆ ಬಂದಾಗಲೂ, ಹಳೆಯ ಎಂಜಿನ್ನನ್ನು ಕೈಬಿಟ್ಟು ನೀರಿನಿಂದ ತಣಿಯುವ 334 ಸಿ.ಸಿ.ಯ ನಾಲ್ಕು ಸ್ಟ್ರೋಕಿನದನ್ನೇ ಅದರಲ್ಲಿ ಇಟ್ಟರು.

ಕಾನೂನನ್ನೂ ನೋಡಿದೆವು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲಿಕನಿಗೆ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮಾಲಿಕರೆಂದರೆ ನಾವು. ನಿವೃತ್ತಿವೇತನದಲ್ಲಿ ಬದುಕುವ ಮೇಷ್ಟರು ಈ ವಯಸ್ಸಿನಲ್ಲಿ ಸೆರೆಮನೆಯನ್ನು ನೋಡುವುದು ನಮ್ಮ ಮನೆಯವರಿಗೆ ಸಮ್ಮತವಾಗಲಿಲ್ಲ.

ಹುಡುಗನು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದನು. ಮೂರನೆಯ ದಿನ ತಾನಾಗಿಯೇ ಮೆಕ್ಯಾನಿಕ್ಕನ ಅಂಗಡಿಗೆ ಹೋಗಿ, ಆತನೊಡನೆ ಕುಳಿತು, ಹೊಗೆಯ ಕಿಂಡಿಯಲ್ಲಿಯೂ ಎರಡು ಸೈಲೆನ್ಸರುಗಳಲ್ಲಿಯೂ ಗಟ್ಟಿಯಾಗಿದ್ದ ಮಸಿಯನ್ನು ಕೆರೆದನು. ಹೊರಬಿದ್ದ ಮಸಿಯು ಒಂದು ಪಾವಿಗೆ ಕಡಮೆಯಿರಲಿಲ್ಲ. ಹೊಸ ರಿಂಗುಗಳನ್ನು ಹಾಕಿಸಿ, ಕಾರ್ಬುರೇಟರಿನ ಜೆಟ್ಟನ್ನು ಈ ಎತ್ತರಕ್ಕೆ ಒಪ್ಪುವಂತೆ ಒಂದು ಅಳತೆ ಸಣ್ಣದು ಮಾಡಿಸಿದನು. ಬ್ರೇಕಿನ ಷೂಗಳೂ ಹೊಸವಾದುವು. ಇಂಜೆಕ್ಷನ್ನಿನ ಹುಚ್ಚನ್ನು ಅವನು ಬಿಟ್ಟಿಲ್ಲ. ಕಾಲೇಜಿನಲ್ಲಿ ಗುಜರಿಯ ಎಂಜಿನ್ನೊಂದನ್ನು ಬೆಂಚಿಗೆ ಬಿಗಿದು ಪ್ರಯೋಗ ನಡೆಸುತ್ತಿದ್ದಾನೆ. ಅಲ್ಲಿ ಅದು ಕಚ್ಚಿಕೊಂಡರೆ ಯಾರ ಕೈಯೂ ಮುರಿಯದು.

ಕಳೆದ ಭಾನುವಾರ ಅವನ ಹಿಂದೆ ಕುಳಿತು ನಂದಿಗೆ ಹೋಗಿಬಂದೆವು. ಬಂಡಿಯು ಎರಡನೆಯ ಗೇರಿನಲ್ಲಿ, ತನ್ನ ಹಳೆಯ ಡಬಡಬ ಸದ್ದಿನೊಡನೆ, ಹೊಗೆ ಕಾರದೆ ಹತ್ತಿತು. ಹೊಸ ಬಂಡಿಗಳೆಲ್ಲವೂ ನಮ್ಮನ್ನು ದಾಟಿ ಹೋದುವು. ಇಳಿಯುವಾಗ ಮಾತ್ರ, ಕ್ಲಚ್ಚು ಹಿಡಿದು ಒಮ್ಮೆ ಪೆಟ್ರೋಲು ಕೊಡು, ಪೆಟ್ರೋಲು ಕೊಡು ಎಂದು ಪ್ರತಿ ತಿರುವಿಗೂ ಮುಂಚೆ ಅವನ ಭುಜವನ್ನು ತಟ್ಟುತ್ತಲೇ ಬಂದೆವು.