ಹಳೆಯ ಕಂಪ್ಯೂಟರಿಗೆ ಜಾಲದ ನಂಟು

ಮತ್ತಿಗಿರಿಯ ನಮಗೂ ಕಾಸರಗೋಡಿನ ನಿಮಗೂ ಒಂದೇ ಪಾಡು: ಬೇಕಾದ ಕನ್ನಡ ಪುಸ್ತಕ ಊರಲ್ಲಿ ಸಿಗದಿದ್ದರೆ ಮಕ್ಕಳು ಅಂತರ್ಜಾಲವನ್ನೇ ನೆಚ್ಚಬೇಕು. ಹಳೆಯ ಕಂಪ್ಯೂಟರಿಗೆ ವಿಂಡೋಸನ್ನು ಮರಳಿ ತುಂಬಿದೊಡನೆ ಜಾಲ ಮಾಯವಾದರೆ ಯಂತ್ರವನ್ನು ಗುಜರಿಗೆ ಹಾಕದಿರಿ. ಜಾಲದ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಇಲ್ಲವಾಗಿರಬಹುದು, ಅಷ್ಟೆ. ಅದನ್ನು ತರಲು ಜಾಲ ಬೇಕು, ಜಾಲಕ್ಕೆ ಅದು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲನ್ನು ತೆರೆದು ಹಾರ್ಡ್‌ವೇರ್ ಐಡಿ ಬರೆದುಕೊಳ್ಳಿ. 10ಇಸಿ, 8168 ಎಂದಿದ್ದರೆ ಅದು ರಿಯಲ್‌ಟೆಕ್ ಕಾರ್ಡು. ತಯಾರಕರ ತಾಣದಿಂದಲೇ ನಿಮ್ಮ ವಿಂಡೋಸಿಗೆ ಹೊಂದುವ ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಇಳಿಸಿ ತಂದು ಸ್ಥಾಪಿಸಿ. ಐಪಿ ವಿಳಾಸ ತಾನಾಗಿ ಬರುವಂತೆ ಬಿಡಿ.

2014ರಲ್ಲೇ ಬೆಂಬಲ ನಿಂತ ವಿಂಡೋಸ್ ಎಕ್ಸ್‌ಪಿಯನ್ನು ಮಾತ್ರ ಜಾಲಕ್ಕೆ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. ಅಂಥ ಯಂತ್ರಕ್ಕೆ ಹಗುರವಾದ ಲಿನಕ್ಸ್ ಲೇಸು. ಈ ಕಾರ್ಡಿನ ಡ್ರೈವರ್ ಅದರೊಳಗೇ ಇರುತ್ತದೆ.